ರಾಜನಿಷ್ಠೆಯ ಪ್ರಮಾಣವನ್ನೊಲ್ಲದ ನ್ಯಾಯವಾದಿ

ಕೆನಡಾ ದೇಶದ ಸಂಸತ್ತು 1876ರಲ್ಲಿ ಅಂಗೀಕರಿಸಿದ ‘ಇಂಡಿಯನ್ ಆ್ಯಕ್ಟ್’ ಎಂಬ ಕಾನೂನಿನಲ್ಲಿ, ಅಲ್ಲಿನ ಮೂಲನಿವಾಸಿಗಳ ಭೂಮಿ, ಗ್ರಾಮಾಡಳಿತ, ಉತ್ತರಾಧಿಕಾರ ಮೊದಲಾದ ಸಮಸ್ತ ವ್ಯವಹಾರಗಳನ್ನೂ ಸರ್ಕಾರದ ಅಂಕೆಗೆ ಒಳಪಡಿಸುವ ವಿಧಿಗಳ ನಡುವೆ, ಮೇಲುನೋಟಕ್ಕೆ ಔದಾರ್ಯವೆಂದೇ ತೋರಬಹುದಾದ ವಿಧಿಯೊಂದಿದ್ದಿತು. ಮೂಲನಿವಾಸಿಯೊಬ್ಬನು ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದರೆ, ಇಲ್ಲವೆ ವೈದ್ಯನೋ ಪಾದ್ರಿಯೋ ವಕೀಲನೋ ಆದರೆ, ಆ ಕ್ಷಣದಿಂದ ಅವನು ಬಿಳಿಯ ಪ್ರಜೆಗಳಂತೆ ಪೂರ್ಣ ಪೌರನಾಗುವನೆಂದೂ, ಕಾನೂನಿನ ದೃಷ್ಟಿಯಲ್ಲಿ ಇನ್ನು ಮುಂದೆ ಅವನು ‘ಇಂಡಿಯನ್’ ಅಲ್ಲವೆಂದೂ ಅದು ಸಾರಿತು. ನ್ಯಾಯಾಲಯದಲ್ಲಿ ತನ್ನ ಜನರ ಪರವಾಗಿ ನಿಂತು ವಾದಿಸುವ ಯೋಗ್ಯತೆಯನ್ನು ಸಂಪಾದಿಸಿದ ಮರುಕ್ಷಣವೇ ಮನುಷ್ಯನು ಆ ಜನರಲ್ಲೊಬ್ಬನಾಗಿ ಉಳಿಯದಂತೆ ಮಾಡುವ ಈ ಏರ್ಪಾಡಿನ ಕಡ್ಡಾಯವು ಕೆಲವೇ ವರ್ಷಗಳಲ್ಲಿ ಸಡಿಲಗೊಂಡಿತಾದರೂ, ಅದರ ಹಿಂದಿದ್ದ ಮನೋಧರ್ಮವು ಅಷ್ಟು ಸುಲಭವಾಗಿ ಸಡಿಲಗೊಳ್ಳಲಿಲ್ಲ. 1927ರಿಂದ 1951ರ ತನಕ, ಕಳೆದುಹೋದ ಭೂಮಿಗಾಗಿ ದಾವೆ ಹೂಡಲೆಂದು ಮೂಲನಿವಾಸಿಗಳಿಂದ ಹಣವನ್ನೆತ್ತುವುದು ಸರ್ಕಾರದ ಅಪ್ಪಣೆಯಿಲ್ಲದ ಪಕ್ಷದಲ್ಲಿ ಶಿಕ್ಷಾರ್ಹ ಅಪರಾಧವಾಗಿದ್ದಿತು. ಹಣವಿಲ್ಲದೆ ವಕೀಲನೆಲ್ಲಿಂದ ಬರಬೇಕು? ಇದೇ ಸಾಮ್ರಾಜ್ಯವು ನಮ್ಮ ದೇಶದಲ್ಲಿ 1871ರಲ್ಲಿ ಕೆಲವು ಕುಲಗಳನ್ನು ಕುಲಸಮೇತ ಅಪರಾಧಿಗಳೆಂದು ಪಟ್ಟಿಮಾಡಿದ್ದುದನ್ನು ಬಲ್ಲ ನಮಗೆ ಇಂತಹ ಶಾಸನಗಳು ತೀರ ಅಪರಿಚಿತವೇನಲ್ಲ.

1876ರಿಂದ ಸರಿಯಾಗಿ ನೂರು ವರ್ಷ ಕಳೆದ ಮೇಲೆ, 1976ರಲ್ಲಿ, ರಾಬರ್ಟಾ ಜೇಮಿಸನ್ ಎಂಬ ಮೊಹಾಕ್ ಕುಲದ ಯುವತಿಯು ಕಾನೂನು ಪದವಿಯನ್ನು ಪಡೆದು, ಆ ದೇಶದಲ್ಲಿ ಆ ಪದವಿಗೆ ಪಾತ್ರಳಾದ ಮೊದಲನೆಯ ಮೂಲನಿವಾಸಿ ಮಹಿಳೆಯೆನಿಸಿದಳು. ಆಕೆಯ ಊರು ಒಂಟಾರಿಯೋ ಪ್ರಾಂತದ ಗ್ರ್ಯಾಂಡ್ ನದಿಯ ದಡದ ‘ಸಿಕ್ಸ್ ನೇಷನ್ಸ್’ ವಸತಿ. ಈ ಲೇಖನದ ನಾಯಿಕೆಯಾದ ಪ್ಯಾಟ್ರಿಷಿಯಾ ಮೊಂಟೂರ್ ಅವರೂ ಅದೇ ವಸತಿಗೆ ಸೇರಿದ ಮೊಹಾಕರೇ. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಬ್ರಿಟಿಷರ ಮಿತ್ರರಾಗಿ ಕಾದಾಡಿ, ಸೋತವರ ಪಕ್ಷದಲ್ಲಿದ್ದ ಕಾರಣದಿಂದ ಹುಟ್ಟೂರುಗಳನ್ನು ಕಳೆದುಕೊಂಡ ಹೌದೆನೊಶೋನಿ ಒಕ್ಕೂಟದ ಜನರಿಗೆ, 1784ರಲ್ಲಿ, ಆ ನದಿಯ ಎರಡು ದಡಗಳಲ್ಲಿಯೂ ಆರಾರು ಮೈಲಿಯಗಲದ ನೆಲವನ್ನು ಬ್ರಿಟಿಷ್ ಅಧಿಕಾರಿಗಳು ಬಿಟ್ಟುಕೊಟ್ಟಿದ್ದರು. ಅದರಲ್ಲಿ ಇಂದು ಅವರ ಕೈಯಲ್ಲಿ ಉಳಿದಿರುವುದು ಅಲ್ಪಭಾಗ ಮಾತ್ರ. ಮೊಹಾಕರೂ ಸೇರಿದಂತೆ ಆರು ಜನಾಂಗಗಳ ಈ ಒಕ್ಕೂಟದಲ್ಲಿ ಕುಲವು ತಾಯಿಯಿಂದ ಮಕ್ಕಳಿಗೆ ಬರತಕ್ಕದ್ದು. ಮುಖಂಡನಾಗುವವನು ಗಂಡಸಾದರೂ ಅವನನ್ನು ಆರಿಸುವವಳೂ, ತಪ್ಪಿ ನಡೆದರೆ ಎಚ್ಚರಿಸಿ ಪದವಿಯಿಂದ ಇಳಿಸುವವಳೂ ಕುಲದ ಹಿರಿಯ ತಾಯಿ. ಇಂತಹ ಸಮಾಜದ ಮೇಲೆ ಬಂದೆರಗಿದ ಕೆನಡಾದ ಶಾಸನವು ತಂದೆಯ ಕಡೆಯಿಂದ ಮಾತ್ರ ಕುಲವನ್ನೆಣಿಸಿತು. ಹೊರಗಿನವನನ್ನು ವರಿಸಿದ ಹೆಣ್ಣು ತನ್ನ ಕುಲಸ್ಥಾನವನ್ನೇ ಕಳೆದುಕೊಳ್ಳುವಂತೆಯೂ, ಹೊರಗಿನವಳನ್ನು ವರಿಸಿದ ಗಂಡಿಗೆ ಮಾತ್ರ ಏನೊಂದೂ ಆಗದಂತೆಯೂ ವಿಧಿಸಿತು. ಈ ಅನ್ಯಾಯದ ಹೆಚ್ಚಿನ ಭಾಗವು ತೊಲಗಿದ್ದು 1985ರಲ್ಲಿ, ಅದೂ ವಿಶ್ವಸಂಸ್ಥೆಯ ಮಾನವಹಕ್ಕುಗಳ ಸಮಿತಿಯ ತನಕ ದೂರು ಹೋದ ತರುವಾಯ. 1924ರಲ್ಲಿಯಂತೂ ಗ್ರ್ಯಾಂಡ್ ನದಿಯ ಸಾಂಪ್ರದಾಯಿಕ ಮುಖಂಡರ ಸಭೆಯನ್ನೇ ಸರ್ಕಾರವು ಪದಚ್ಯುತಗೊಳಿಸಿತ್ತು.

ಮೊಂಟೂರ್ ಅವರು ಹುಟ್ಟಿದ್ದು 1958ರಲ್ಲಿ, ಒಂಟಾರಿಯೋದ ಲಂಡನ್ ಪಟ್ಟಣದಲ್ಲಿ. ಎಳವೆಯಲ್ಲಿಯೇ ತಬ್ಬಲಿಯಾದ ಅವರು, ತಾವುಂಡ ಹಿಂಸೆಯನ್ನು ಮುಂದೆ ತಮ್ಮ ಬರಹಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಸಮಾಜಶಾಸ್ತ್ರದ ಪದವಿಯ ನಂತರ ಕಿಂಗ್ಸ್ಟನ್ ನಗರದ ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಓದತೊಡಗಿದ ಅವರು, ಇನ್ನೂ ವಿದ್ಯಾರ್ಥಿನಿಯಾಗಿರುವಾಗಲೇ, 1986ರಲ್ಲಿ, ಮಹಿಳೆಯರು ಮತ್ತು ಕಾನೂನನ್ನು ಕುರಿತ ಪತ್ರಿಕೆಯೊಂದರಲ್ಲಿ ಮೊಹಾಕ್ ಭಾಷೆಯ ಶೀರ್ಷಿಕೆಯುಳ್ಳ ಪ್ರಬಂಧವೊಂದನ್ನು ಪ್ರಕಟಿಸಿದರು. ವರ್ಣದ್ವೇಷವನ್ನು ಕುರಿತ ಚರ್ಚೆಯೊಂದರಲ್ಲಿ ನೆರೆದ ವಿದ್ವಾಂಸರು ನೋವನ್ನು ಒಂದು ಪ್ರಮೇಯವಾಗಿ ಮೇಜಿನ ಮೇಲಿಟ್ಟು ಹಿಂದುಮುಂದು ತಿರುಗಿಸಿ ನೋಡುತ್ತಿರಲು, ಆ ನೋವನ್ನು ಮನೆಗೆ ಹೊತ್ತೊಯ್ಯಬೇಕಾದವಳು ಅದೇ ಕೊಠಡಿಯ ಕುರ್ಚಿಯೊಂದರಲ್ಲಿ ಮೌನವಾಗಿ ಕುಳಿತಿರುವುದು ಅವರ ಗಮನಕ್ಕೇ ಬಾರದೆ ಹೋದ ಪರಿಯನ್ನು ಅದು ನಿರೂಪಿಸುತ್ತದೆ. ಕಾನೂನು ಪತ್ರಿಕೆಯ ಪ್ರಬಂಧವೆಂದರೆ ಅಡಿಟಿಪ್ಪಣಿಗಳ ಬೇಲಿಯೊಳಗೆ ಲೇಖಕನ ಸುಳಿವೇ ಇಲ್ಲದ ಬರಹವೆಂದು ಭಾವಿಸಿದ್ದ ಕಾಲದಲ್ಲಿ, ‘ನಾನು’ ಎಂದು ಆರಂಭಿಸಿ, ಸಿಟ್ಟನ್ನು ಸಿಟ್ಟೆಂದೇ ಕರೆದು ಬರೆದ ಆ ಪ್ರಬಂಧವು ಅವರ ಬರಹಗಳಲ್ಲೆಲ್ಲ ಅತ್ಯಂತ ಜೀವಂತವಾದುದೆಂದು ನನ್ನ ಎಣಿಕೆ.

1988ರಲ್ಲಿ ಪದವಿಯೇನೋ ಕೈಸೇರಿತು. ಆದರೆ ಒಂಟಾರಿಯೋದಲ್ಲಿ ವಕೀಲಿ ಸನ್ನದು ಪಡೆಯಬೇಕಾದವರು ಕೆನಡಾದ ರಾಣಿಯೂ ಆಗಿದ್ದ ಬ್ರಿಟನ್ನಿನ ರಾಣಿಗೆ ನಿಷ್ಠರಾಗಿರುವೆವೆಂದು ಪ್ರಮಾಣವಚನ ಸ್ವೀಕರಿಸಬೇಕಾಗಿದ್ದಿತು. ಸಹಪಾಠಿಗಳಿಗೆ ಅದು ಅರ್ಧ ನಿಮಿಷದ ಔಪಚಾರಿಕ ಕಾರ್ಯ. ಮೊಂಟೂರ್ ಅವರಿಗಾದರೋ ಒಂದು ರಾಷ್ಟ್ರದ ಸದಸ್ಯೆಯು ಮತ್ತೊಂದು ರಾಷ್ಟ್ರದ ಅರಸಿಗೆ ಅಧೀನಳೆಂದು ಬಾಯಾರೆ ಒಪ್ಪಿಕೊಳ್ಳುವ ಮಾತು. ಹೌದೆನೊಶೋನಿಗಳು ತಾವು ಬ್ರಿಟಿಷ್ ಅರಸೊತ್ತಿಗೆಗೆ ಎಂದೂ ಶರಣಾದವರಲ್ಲವೆಂದೂ, ಸಮಾನರಾಗಿ ಒಪ್ಪಂದ ಮಾಡಿಕೊಂಡ ಮಿತ್ರರೆಂದೂ ಹೇಳುತ್ತ ಬಂದಿದ್ದಾರೆ. ಅದಕ್ಕೆ ಸಾಕ್ಷಿಯಾಗಿ ಅವರು ಕಾಗದಪತ್ರದ ಬದಲು ಒಂದು ಪಟ್ಟಿಯನ್ನು ತೋರಿಸುತ್ತಾರೆ. ಕಡಲ ಚಿಪ್ಪಿನಿಂದ ಕೊರೆದು ತೆಗೆದ ಸಣ್ಣ ಮಣಿಗಳನ್ನು ಪೋಣಿಸಿ ನೇಯ್ದ ಈ ‘ವಾಂಪಮ್’ ಪಟ್ಟಿಯ ಬಿಳಿಯ ನೆಲದ ಮೇಲೆ, ಒಂದನ್ನೊಂದು ಎಲ್ಲಿಯೂ ಮುಟ್ಟದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಸಮನಾಗಿ ಸಾಗುವ ಎರಡು ನೇರಳೆ ಸಾಲುಗಳಿವೆ. ಒಂದು ಸಾಲು ಬಿಳಿಯರ ಹಡಗು, ಮತ್ತೊಂದು ಮೂಲನಿವಾಸಿಗಳ ದೋಣಿ. ಎರಡೂ ಒಂದೇ ನದಿಯಲ್ಲಿ ಜೊತೆಜೊತೆಯಾಗಿ ಸಾಗತಕ್ಕವು, ಒಂದರ ಚುಕ್ಕಾಣಿಗೆ ಇನ್ನೊಂದು ಕೈಹಾಕತಕ್ಕದ್ದಲ್ಲ. 17ನೆಯ ಶತಮಾನದಲ್ಲಿ ಡಚ್ಚರೊಡನೆ ಆದ ಮಾತೆಂದು ಹೇಳಲಾಗುವ ಈ ಒಡಂಬಡಿಕೆಯನ್ನು ಅವರು ಬ್ರಿಟಿಷರಿಗೂ ಅನ್ವಯಿಸಿಕೊಂಡು ಬಂದವರು.

ಪ್ರಮಾಣವಚನವನ್ನು ಸ್ವೀಕರಿಸಲೊಲ್ಲದ ಮೊಂಟೂರ್ ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಪೂರ್ಣ ವಿಚಾರಣೆ ನಡೆಯುವುದಕ್ಕೆ ಮುನ್ನವೇ ಆ ಪ್ರಾಂತದ ವಕೀಲರ ಸಂಘವು ನಿಯಮವನ್ನು ತಿದ್ದಿ, ರಾಜನಿಷ್ಠೆಯ ಪ್ರಮಾಣವನ್ನು ಐಚ್ಛಿಕವಾಗಿಸಿತು. ತೀರ್ಪೊಂದು ಹೊರಬೀಳದೆ ಹೋದದ್ದು ವಿಷಾದದ ಸಂಗತಿಯೇ. ನಿಯಮ ತಿದ್ದಿದವರು ಮೊಹಾಕರ ಸಾರ್ವಭೌಮತ್ವದ ಪ್ರಶ್ನೆಗೆ ಉತ್ತರ ಹೇಳುವ ಕಷ್ಟದಿಂದಲೂ ಜಾಣತನದಿಂದ ಪಾರಾದರು. 1920ರ ಅಸಹಕಾರ ಚಳವಳಿಯಲ್ಲಿ ನಮ್ಮ ವಕೀಲರು ಪರರಾಜನ ನ್ಯಾಯಾಲಯ ನಮಗೆ ಬೇಡವೆಂದು ಕೋಟು ಕಳಚಿಟ್ಟು ಹೊರಬಂದರು. ಮೊಂಟೂರ್ ಅವರದು ಇದಕ್ಕೆ ವಿಲೋಮವಾದ ಹಾದಿ: ನ್ಯಾಯಾಲಯವೂ ಬೇಕು, ಆದರೆ ಬಾಗಿಲಲ್ಲಿ ತಲೆ ಬಗ್ಗಿಸಲಾರೆನೆಂಬುದು. ಎರಡರಲ್ಲಿ ಯಾವುದು ಕಠಿನತರವೆಂದು ನಿರ್ಣಯಿಸುವುದು ಸುಲಭವಲ್ಲ. ಹೊರಬರುವವನ ಜೊತೆಗೆ ಜನರಿರುತ್ತಾರೆ, ಬಾಗಿಲಲ್ಲಿ ನಿಂತವಳು ಬಹುಮಟ್ಟಿಗೆ ಒಂಟಿ. ಇತರ ಪ್ರಾಂತಗಳಲ್ಲಿ ಈ ವಿವಾದವು ಅಲ್ಲಿಗೆ ಮುಗಿಯಲಿಲ್ಲ. 2022ರಲ್ಲಿ ಆಲ್ಬರ್ಟಾದಲ್ಲಿ ಸಿಖ್ ಯುವಕನೊಬ್ಬನು, ತನ್ನ ನಿಷ್ಠೆಯು ಈಗಾಗಲೇ ಪರಮಾತ್ಮನಿಗೆ ಅರ್ಪಿತವಾಗಿದೆಯೆಂದು ಹೇಳಿ, ಇದೇ ಪ್ರಮಾಣದ ವಿರುದ್ಧ ದಾವೆ ಹೂಡಿದನು.

ಕ್ವೀನ್ಸ್ ವಿಶ್ವವಿದ್ಯಾನಿಲಯವಿರುವ ಕಿಂಗ್ಸ್ಟನ್ನಿನಲ್ಲಿಯೇ, 1934ರಲ್ಲಿ ತೆರೆದ ಮಹಿಳಾ ಕಾರಾಗೃಹವೂ ಇದ್ದಿತು. ದೀರ್ಘಶಿಕ್ಷೆಗೆ ಗುರಿಯಾದ ಹೆಂಗಸರಿಗಾಗಿ ಇಡೀ ಕೆನಡಾದಲ್ಲಿ ಕೇಂದ್ರ ಸರ್ಕಾರವು ನಡೆಸುತ್ತಿದ್ದ ಸೆರೆಮನೆ ಅದೊಂದೇ ಆದುದರಿಂದ, ಪಶ್ಚಿಮದ ಬಯಲುಸೀಮೆಯ ಮೂಲನಿವಾಸಿ ಹೆಣ್ಣು ತನ್ನ ಮಕ್ಕಳಿಂದಲೂ ಬಂಧುಗಳಿಂದಲೂ ಸಾವಿರಾರು ಮೈಲಿ ದೂರಕ್ಕೆ ಬಂದು ಬೀಳುತ್ತಿದ್ದಳು. 1980ರ ದಶಕದ ಕೊನೆಯಲ್ಲಿ ಅಲ್ಲಿ ಮೂಲನಿವಾಸಿ ಕೈದಿಗಳ ಆತ್ಮಹತ್ಯೆಗಳು ಒಂದರ ಮೇಲೊಂದಾಗಿ ನಡೆದವು. ಸೆರೆಮನೆಯ ಹೆಂಗಸರ ಸ್ಥಿತಿಯನ್ನು ಪರಿಶೀಲಿಸಲು 1989ರಲ್ಲಿ ಸರ್ಕಾರ ನೇಮಿಸಿದ ಕಾರ್ಯಪಡೆಯಲ್ಲಿ ಮೊಂಟೂರ್ ಅವರೂ ಕೆಲಸ ಮಾಡಿದರು. ಆ ಕಾರ್ಯಪಡೆಗಾಗಿ ಮೂಲನಿವಾಸಿ ಮಹಿಳೆಯರನ್ನು ಕಂಡು ಮಾತನಾಡಿಸಿ ಬಂದವರು ಹಿಂದೆ ಅದೇ ಸೆರೆಮನೆಯಲ್ಲಿ ಶಿಕ್ಷೆಯನ್ನನುಭವಿಸಿದ್ದ ಇಬ್ಬರು ಮೂಲನಿವಾಸಿ ಮಹಿಳೆಯರು ಎಂಬುದು ಗಮನಾರ್ಹ. ಅಧಿಕಾರಿಯ ಪ್ರಶ್ನೆಗೆ ಬಾಯಿಬಿಡದವರು ಇವರ ಮುಂದೆ ಬಿಟ್ಟರು. 1990ರಲ್ಲಿ ಹೊರಬಂದ ವರದಿಯು ಕಿಂಗ್ಸ್ಟನ್ ಸೆರೆಮನೆಯನ್ನು ಮುಚ್ಚಿ, ಪ್ರಾಂತಗಳಲ್ಲಿ ಸಣ್ಣ ಸಣ್ಣ ಗೃಹಗಳನ್ನೂ, ಮೂಲನಿವಾಸಿ ಮಹಿಳೆಯರಿಗಾಗಿ ಪ್ರತ್ಯೇಕವಾದ ಸಾಂತ್ವನಗೃಹವೊಂದನ್ನೂ ಸ್ಥಾಪಿಸಬೇಕೆಂದು ಸೂಚಿಸಿತು. ಅದರ ಫಲವಾಗಿ 1995ರಲ್ಲಿ, ಸಸ್ಕಾಚೆವಾನ್ ಪ್ರಾಂತದ ಮೇಪಲ್ ಕ್ರೀಕ್ ಪಟ್ಟಣದ ಬಳಿ, ನೆಕಾನೀತ್ ಜನರ ನೆಲದಲ್ಲಿ ‘ಒಕಿಮಾ ಓಚಿ’ ಗೃಹವು ತೆರೆಯಿತು. ಅಲ್ಲಿ ಎತ್ತರದ ಗೋಡೆಯಿಲ್ಲ. ವಾಸಕ್ಕೆ ಬಿಡಿಬಿಡಿ ಮನೆಗಳು, ನಡುವೆ ಪ್ರಾರ್ಥನೆಗೆ ಗುಡಾರದಾಕಾರದ ಮಂದಿರ, ಎಳೆಯ ಮಕ್ಕಳು ತಾಯಿಯೊಡನೆ ಇರುವುದಕ್ಕೆ ಅವಕಾಶ. 2000ದಲ್ಲಿ ಕಿಂಗ್ಸ್ಟನ್ ಸೆರೆಮನೆಯ ಬಾಗಿಲು ಮುಚ್ಚಿತು.

ಇಷ್ಟನ್ನು ಸಾಧಿಸಿದವರು ತೃಪ್ತರಾಗಬಹುದಾಗಿದ್ದಿತು. ಮೊಂಟೂರ್ ಅವರು ಆಗಲಿಲ್ಲ. ವರದಿಯಲ್ಲಿದ್ದ ‘ಹೊಣೆಗಾರಿಕೆ’ಯ ಮಾತನ್ನು ಸೆರೆಮನೆ ಇಲಾಖೆಯು ಕೈದಿಯ ತಲೆಯ ಮೇಲೆ ಹೊರಿಸಿ ತನ್ನ ಹೊಣೆಯನ್ನು ಮರೆಯಿತೆಂದೂ, ಎಲ್ಲರಿಗಿಂತ ಹೆಚ್ಚಾಗಿ ಸಾಂತ್ವನ ಬೇಕಾದ, ‘ಅಪಾಯಕಾರಿ’ ಎಂಬ ವರ್ಗಕ್ಕೆ ಸೇರಿಸಲ್ಪಟ್ಟ ಹೆಂಗಸರನ್ನು ಆ ಗೃಹದ ಹೊಸ್ತಿಲು ತುಳಿಯಗೊಡಲಿಲ್ಲವೆಂದೂ ಅವರು ತಮ್ಮ ಕೈಯಾರೆ ಕಟ್ಟಿದ್ದನ್ನೇ ಟೀಕಿಸಿದರು. ಸಮಿತಿಯ ಸದಸ್ಯರಾಗಿದ್ದವರು ಸಮಿತಿಯ ಫಲವನ್ನು ಹೊಗಳುವುದೇ ಲೋಕರೂಢಿಯಾಗಿರುವಲ್ಲಿ ಈ ನಿಷ್ಠುರತೆ ವಿರಳವಾದುದು.

ಅಧ್ಯಾಪನದಲ್ಲಿಯೂ ಅವರ ನಡೆ ಹೀಗೆಯೇ. ಹ್ಯಾಲಿಫ್ಯಾಕ್ಸಿನ ಡಲ್ಹೌಸಿ ಮತ್ತು ಒಟ್ಟಾವ ವಿಶ್ವವಿದ್ಯಾನಿಲಯಗಳಲ್ಲಿ ಕಾನೂನು ಬೋಧಿಸಿದ ಮೇಲೆ, 1994ರಲ್ಲಿ, ಕಾನೂನು ವಿಭಾಗವನ್ನೇ ಬಿಟ್ಟು ಸಸ್ಕಾಚೆವಾನ್ ವಿಶ್ವವಿದ್ಯಾನಿಲಯದ ಮೂಲನಿವಾಸಿ ಅಧ್ಯಯನ ವಿಭಾಗವನ್ನು ಸೇರಿದರು. ಮುಂದೆ ಅಲ್ಲಿಯೇ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದರು. ಆ ವಿಶ್ವವಿದ್ಯಾನಿಲಯವು 1973ರಿಂದಲೇ ಮೂಲನಿವಾಸಿ ವಿದ್ಯಾರ್ಥಿಗಳನ್ನು ಕಾನೂನು ಶಿಕ್ಷಣಕ್ಕೆ ಅಣಿಗೊಳಿಸುವ ಬೇಸಗೆ ತರಗತಿಗಳನ್ನು ನಡೆಸಿಕೊಂಡು ಬಂದಿದ್ದಿತು. ಅಷ್ಟು ಕಷ್ಟದಿಂದ ಪ್ರವೇಶಿಸಿದ ಕಾನೂನಿನ ಮನೆಯನ್ನು ಮೊಂಟೂರ್ ಅವರು ತೊರೆದದ್ದೇಕೆ? ತಮ್ಮ ಜನರ ನೆಲವನ್ನು ಕಸಿದದ್ದು, ಮಕ್ಕಳನ್ನು ವಸತಿಶಾಲೆಗಳಿಗೂ ದತ್ತುಮನೆಗಳಿಗೂ ಎಳೆದೊಯ್ದದ್ದು, ತಾಯಂದಿರ ಅಧಿಕಾರವನ್ನು ಅಳಿಸಿದ್ದು, ಎಲ್ಲವೂ ಕಾನೂನುಬಾಹಿರವಾಗಿ ಅಲ್ಲ, ಕಾನೂನಿನ ಮೂಲಕವೇ ನಡೆದುದರಿಂದ, ಕಾನೂನಿನಲ್ಲಿಯೇ ಸಮಸ್ತ ಪರಿಹಾರವನ್ನು ಅರಸುವುದು ಭ್ರಮೆಯೆಂಬ ನಿರ್ಧಾರಕ್ಕೆ ಅವರು ಬಂದಿದ್ದರು. ಇದು ಪರಾಭವವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ವಕೀಲನು ಕೇಳಿದ ಪ್ರಶ್ನೆಗೆ ನ್ಯಾಯಾಧೀಶನು ಉತ್ತರಿಸುವನು; ಪ್ರಶ್ನೆಯೇ ಸರಿಯಿಲ್ಲವೆಂದು ಹೇಳುವ ಸ್ವಾತಂತ್ರ್ಯ ತರಗತಿಯಲ್ಲಿದೆ.

ಮೊಂಟೂರ್ ಅವರು 2010ರ ನವೆಂಬರಿನಲ್ಲಿ, ತಮ್ಮ ಐವತ್ತರ ವಯಸ್ಸಿನ ಆಸುಪಾಸಿನಲ್ಲಿಯೇ, ತೀರಿಕೊಂಡರು. ಅವರು ಹೋರಾಡಿದ ಸಮಸ್ಯೆಯು ಅವರೊಡನೆ ಮುಗಿಯಲಿಲ್ಲ: ಕೆನಡಾದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು ಸುಮಾರು ನೂರಕ್ಕೆ ಐದರಷ್ಟಿದ್ದರೂ, ಕೇಂದ್ರ ಸೆರೆಮನೆಗಳಲ್ಲಿರುವ ಹೆಂಗಸರಲ್ಲಿ ಅವರ ಪಾಲು ಅರ್ಧವನ್ನು ಮುಟ್ಟಿತೆಂದು ಅಲ್ಲಿನ ಸೆರೆಮನೆಗಳ ತನಿಖಾಧಿಕಾರಿಯು 2022ರಲ್ಲಿ ವರದಿ ಮಾಡಿದರು. ಮೊಂಟೂರ್ ಅವರ ಬರಹಗಳನ್ನು ಓದಬಯಸುವವರು, ರಾಜಕೀಯ ಸ್ವಾತಂತ್ರ್ಯದ ವಿಚಾರವೇ ಮುಖ್ಯವಾಗಿರುವ 1999ರ ‘ಜರ್ನಿಯಿಂಗ್ ಫಾರ್ವರ್ಡ್’ಗಿಂತ ಮೊದಲು, 1995ರ ‘ಥಂಡರ್ ಇನ್ ಮೈ ಸೋಲ್’ ಪುಸ್ತಕವನ್ನು ಕೈಗೆತ್ತಿಕೊಳ್ಳುವುದು ಲೇಸು. ಸೆರೆಮನೆಯ ಕಾರ್ಯಪಡೆಯ ವಿಚಾರವೂ, ವಿದ್ಯಾರ್ಥಿದೆಸೆಯ ಆ ಪ್ರಬಂಧವೂ ಅದರಲ್ಲಿಯೇ ಇವೆ.