ತೋಟದ ಔಷಧಿ ಮನೆಯೊಳಗೆ ಬಾರದಿರಲಿ



ದೇವನಹಳ್ಳಿ, ವಿಜಯಪುರ, ಹೊಸಕೋಟೆ ಕಡೆಯ ರೇಷ್ಮೆ ಬೆಳೆಗಾರರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಪಕ್ಕದ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದ ದಿನ ಗಾಳಿ ಹಿಪ್ಪುನೇರಳೆಯ ಕಡೆ ಬೀಸಿದರೆ ಆ ಸೊಪ್ಪನ್ನು ಹುಳುವಿಗೆ ಹಾಕುವುದಿಲ್ಲ. ಹಾಕಿದರೆ ಹುಳು ವಾಂತಿ ಮಾಡಿಕೊಂಡು, ಮೈ ಮುದುಡಿ ಸಾಯುತ್ತದೆ. ಔಷಧಿ ಹೊಡೆದು ಬಂದವನನ್ನು ಹುಳುಮನೆಯ ಹೊಸಿಲು ದಾಟಗೊಡುವುದಿಲ್ಲ. ಆದರೆ ಅದೇ ಮನುಷ್ಯ, ಅನೇಕ ವೇಳೆ ಮನೆಯ ಯಜಮಾನನೇ, ಅದೇ ಬಟ್ಟೆಯಲ್ಲಿ ಅಡುಗೆಮನೆಗೆ ಹೋಗಿ ನೀರು ಕುಡಿಯುತ್ತಾನೆ. ಎದುರಿಗೆ ಬಂದ ಮಗುವನ್ನು ಎತ್ತಿಕೊಳ್ಳುತ್ತಾನೆ. ಹುಳು ಸತ್ತರೆ ಒಂದೇ ದಿನದಲ್ಲಿ ನಷ್ಟ ಕಾಣುತ್ತದೆ. ಮನೆಮಂದಿಗೆ ಸ್ವಲ್ಪ ಸ್ವಲ್ಪವೇ ತಗಲುವ ವಿಷ ಹಾಗೆ ಕಣ್ಣಿಗೆ ಬೀಳುವುದಿಲ್ಲ.

ಇದನ್ನು ನಾವು ಔಷಧಿ ಎಂದು ಕರೆಯುವುದೇ ಮೊದಲ ತಪ್ಪು. ಡಬ್ಬಿಯ ಮೇಲಿನ ಬಣ್ಣದ ಗುರುತು ನಿಜ ಹೇಳುತ್ತದೆ. ಕೆಂಪು ಇದ್ದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ಕೊಂಚ ಕಡಿಮೆ, ನಂತರ ನೀಲಿ, ಕೊನೆಗೆ ಹಸಿರು. ಹಸಿರು ಗುರುತಿನದೂ ಕುಡಿಯುವ ವಸ್ತುವಲ್ಲ.

ಆಹಾರದ ಜೊತೆ ವಿಷ ಸೇರಿದರೆ ಏನಾಗುತ್ತದೆಂಬುದನ್ನು ನಮ್ಮ ದೇಶ ಕಂಡಿದೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ತಗಲಿದ ಆಹಾರವನ್ನು ತಿಂದು 100ಕ್ಕೂ ಹೆಚ್ಚು ಜನ ಸತ್ತರು. 1968ರ ಕೀಟನಾಶಕ ಕಾಯಿದೆಗೆ ಈ ದುರಂತವೂ ಒಂದು ಕಾರಣ. ಕಾಯಿದೆ ಬಂದ ಬಹಳ ವರ್ಷಗಳ ಮೇಲೆ, 2013ರ ಜುಲೈನಲ್ಲಿ, ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಮಾನೊಕ್ರೋಟೊಫಾಸ್ ಇದ್ದದ್ದು ಪರೀಕ್ಷೆಯಲ್ಲಿ ಕಂಡುಬಂತು. ಆದಕಾರಣ ಖಾಲಿ ಕ್ಯಾನು ಗಟ್ಟಿಯಾಗಿದೆಯೆಂದು ಅದರಲ್ಲಿ ಎಣ್ಣೆಯನ್ನಾಗಲಿ ನೀರನ್ನಾಗಲಿ ತುಂಬಿಡಬೇಡಿ. ಸಿಂಪರಣೆ ಮಾಡುವಾಗಲೇ ಕ್ಯಾನನ್ನು ಮೂರು ಸಲ ತೊಳೆದು ಆ ನೀರನ್ನು ಸಿಂಪಡಿಸುವ ಯಂತ್ರಕ್ಕೇ ಸುರಿಯಿರಿ. ಆಮೇಲೆ ತಳಕ್ಕೆ ತೂತು ಹೊಡೆದುಬಿಡಿ. ಮಿಕ್ಕ ಔಷಧಿಯನ್ನು ಸಾರಾಯಿ ಸೀಸೆಗೋ ತಂಪು ಪಾನೀಯದ ಬಾಟಲಿಗೋ ಬಗ್ಗಿಸಿ ಅಟ್ಟದ ಮೇಲಿಡುವ ಅಭ್ಯಾಸವೂ ಹಲವರಲ್ಲಿದೆ. ಓದು ಬಾರದ ಮಗುವಿಗೆ ಅದು ಪಾನೀಯವೇ. ಔಷಧಿ ತನ್ನ ಡಬ್ಬಿಯಲ್ಲೇ ಇರಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರಲಿ. ಅಳೆಯಲು ಅಡುಗೆಮನೆಯ ಲೋಟ ಬೇಡ.

ಸಿಂಪರಣೆ ಮುಗಿಸಿದವರು ಹಿತ್ತಲಿನಲ್ಲೇ ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಸ್ನಾನ ಮಾಡಿ ಒಳಗೆ ಹೋಗಬೇಕು. ಒದ್ದೆಯಾದ ಅಂಗಿಯಿಂದ ವಿಷ ಚರ್ಮದ ಮೂಲಕವೂ ಇಳಿಯುತ್ತದೆ. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ನೆನೆಹಾಕಬಾರದು. ಒಗೆಯುವವರು ಸಾಮಾನ್ಯವಾಗಿ ಹೆಂಗಸರು. ಅವರಿಗೆ ಒಂದು ಜೊತೆ ರಬ್ಬರ್ ಕೈಗವಸು ತಂದುಕೊಡುವುದು ದೊಡ್ಡ ಖರ್ಚೇನಲ್ಲ.

ಇನ್ನು ಹುಳುಮನೆಯ ವಿಷಯ. ಬೇರೆ ಸಾಕಣೆ ಮನೆಯಿಲ್ಲದವರು ಮಲಗುವ, ಅಡುಗೆ ಮಾಡುವ ಮನೆಯಲ್ಲೇ ಹುಳು ಸಾಕುತ್ತಾರೆ. ಬೆಳೆ ಮುಗಿದಾಗಲೆಲ್ಲ ಅಲ್ಲಿಗೆ ಫಾರ್ಮಲಿನ್ ಹೊಡೆಯುವುದುಂಟು. ಅದರ ಗಾಳಿ ಕಣ್ಣು, ಗಂಟಲನ್ನು ಸುಡುವುದಲ್ಲದೆ ಕ್ಯಾನ್ಸರಿಗೂ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ನಿರ್ಣಯಿಸಿದೆ. ಮೂಗಿಗೆ ಕಟ್ಟಿದ ಒದ್ದೆ ಟವಲು ಈ ಗಾಳಿಯನ್ನು ತಡೆಯದು. ವಾಸದ ಮನೆಯಾದರೆ ಇದರ ಬದಲು 100 ಲೀಟರ್ ನೀರಿಗೆ 300 ಗ್ರಾಂ ಅರಳಿದ ಸುಣ್ಣ, 2 ಕಿಲೋ ಬ್ಲೀಚಿಂಗ್ ಪುಡಿ ಬೆರೆಸಿ ಬಳಸಬಹುದು. ಇದೂ ನಿರಪಾಯವೇನಲ್ಲ. ಹಾಸಿಗೆ, ಹಿಟ್ಟು, ಕುಡಿಯುವ ನೀರು ಎಲ್ಲವನ್ನೂ ಮೊದಲು ಹೊರಗಿಟ್ಟು, ಆ ರಾತ್ರಿ ಬೇರೆ ಕಡೆ ಮಲಗಿ, ಮರುದಿನ ಬಾಗಿಲು ಕಿಟಕಿ ತೆರೆದು ಗಾಳಿಯಾಡಿಸಿ. ಬ್ಲೀಚಿಂಗ್ ಪುಡಿಗೆ ಕಕ್ಕಸು ತೊಳೆಯುವ ಆಸಿಡ್ ಎಂದಿಗೂ ಸೇರಬಾರದು. ಸೇರಿದರೆ ಉಸಿರು ಕಟ್ಟಿಸುವ ಕ್ಲೋರಿನ್ ಗಾಳಿ ಏಳುತ್ತದೆ.

ಕಾಳಿಗೂ ವಿಷದ ಪುಡಿ ಬೇಕಾಗಿಲ್ಲ. ರಾಗಿಗೆ ಹುಳು ಬೀಳುವುದೇ ಕಡಿಮೆ. ಅವರೆ, ತೊಗರಿಯನ್ನು ಚೆನ್ನಾಗಿ ಒಣಗಿಸಿ, ಕಿಲೋಗೆ 5 ಮಿ.ಲೀ.ನಂತೆ ಕಡಲೆಕಾಯಿ ಎಣ್ಣೆ ಸವರಿದರೆ ಸಾಕು. ಕೆಮ್ಮಣ್ಣು ಕಟ್ಟುವ ನಿಮ್ಮ ಅಜ್ಜಿಯ ಪದ್ಧತಿಯೂ ಒಳ್ಳೆಯದೇ. ವಿಷದ ಮಾತ್ರೆಯನ್ನಂತೂ ಜನ ಮಲಗುವ ಮನೆಯಲ್ಲಿ ಇಡಲೇಬಾರದು. ಅದರಿಂದ ಏಳುವ ಗಾಳಿ ನಿದ್ದೆಯಲ್ಲಿದ್ದವರನ್ನು ಕೊಲ್ಲಬಲ್ಲದು.

ಇಷ್ಟೆಲ್ಲದರ ಮೇಲೂ ಯಾರಿಗಾದರೂ ಬೆವರು, ಜೊಲ್ಲು, ವಾಂತಿ ಹೆಚ್ಚಾಗಿ, ಕಣ್ಣಿನ ಪಾಪೆ ಸಾಸಿವೆಯಷ್ಟು ಕಿರಿದಾದರೆ ತಡಮಾಡಬೇಡಿ. ಬಟ್ಟೆ ತೆಗೆಸಿ, ಮೈಯನ್ನು ಸೋಪಿನಿಂದ ತೊಳೆದು, 108ಕ್ಕೆ ಫೋನು ಮಾಡಿ. ಹುಣಿಸೆ ನೀರು, ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಎಚ್ಚರ ತಪ್ಪಿದ್ದರೆ ಮಗ್ಗುಲಾಗಿ ಮಲಗಿಸಿ. ಒಂದೊಂದು ವಿಷಕ್ಕೆ ಚಿಕಿತ್ಸೆ ಒಂದೊಂದು ಬಗೆ. ವೈದ್ಯರು ಮೊದಲು ಕೇಳುವುದೇ ಅದರ ಹೆಸರನ್ನು; ಚೀಟಿಯ ಸಮೇತ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ.