ಕಾಂಡ್ಲಾ ಕಾಡಿಗೆ ನಕ್ಷೆಯ ಕಾವಲು

ಮುಂಬಯಿ: 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ಮಹಾನಗರ ಮುಳುಗಿದ್ದನ್ನು ಇಲ್ಲಿನ ಕನ್ನಡಿಗರು ಮರೆತಿಲ್ಲ. ಮಿಠಿ ನದಿ, ಖಾಡಿಗಳ ಅಂಚಿನ ಮ್ಯಾಂಗ್ರೋವ್, ಅಂದರೆ ಕರಾವಳಿಯವರ ಕಾಂಡ್ಲಾ, ಕಡಿದು ಮಣ್ಣು ತುಂಬಿಸಿದ್ದೂ ಹಾನಿ ಹೆಚ್ಚಲು ಕಾರಣವೆಂದು ಪರಿಸರ ತಜ್ಞರು ಆಗ ಎಚ್ಚರಿಸಿದ್ದರು.

ಬಾಂಬೆ ಎನ್ವಿರಾನ್‌ಮೆಂಟಲ್ ಆ್ಯಕ್ಷನ್ ಗ್ರೂಪ್ ಸಲ್ಲಿಸಿದ್ದ ಅರ್ಜಿಯ ಮೇಲೆ ಅದೇ ವರ್ಷ ಅಕ್ಟೋಬರ್ 6ರಂದು ಬಾಂಬೆ ಹೈಕೋರ್ಟ್ ಕಾಂಡ್ಲಾ ನಾಶಕ್ಕೆ ತಡೆ ನೀಡಿತು. ಸುತ್ತಲಿನ 50 ಮೀಟರ್‌ನಲ್ಲಿ ನಿರ್ಮಾಣ ನಿಷೇಧಿಸಿ, ಉಪಗ್ರಹ ಚಿತ್ರಗಳ ನೆರವಿನಿಂದ ನಕ್ಷೆ ತಯಾರಿಸಲು ಆದೇಶಿಸಿತು.

ಉಪಗ್ರಹ ಚಿತ್ರದಲ್ಲಿ ಹಸಿರು ಕಂಡರೂ ಜಾಗ ಯಾರದೆಂದು ತಿಳಿಯದು. ಆದ್ದರಿಂದ ಕಂಪ್ಯೂಟರ್‌ನಲ್ಲಿ ಅದರ ಮೇಲೆ ಗ್ರಾಮದ ಸರ್ವೇ ನಕ್ಷೆಯನ್ನು ಹೊಂದಿಸಲಾಗುತ್ತದೆ. ಆಗ ಯಾವ ಸರ್ವೇ ನಂಬರಿನಲ್ಲಿ ಎಷ್ಟು ಕಾಂಡ್ಲಾ ಇದೆಯೆಂಬ ಲೆಕ್ಕ ಸಿಗುತ್ತದೆ. ಹಳೆಯ ಚಿತ್ರದೊಂದಿಗೆ ಹೋಲಿಸಿದರೆ ಕಡಿದದ್ದೂ ಬಯಲಾಗುತ್ತದೆ.

2018ರ ಸೆಪ್ಟೆಂಬರ್ 17ರ ಅಂತಿಮ ತೀರ್ಪು ರಾಜ್ಯದಾದ್ಯಂತ ಈ ರಕ್ಷಣೆಯನ್ನು ಎತ್ತಿಹಿಡಿಯಿತು. ಕಾಂಡ್ಲಾ ಕಡಿದು ಬರಿದಾಗಿಸಿದ ಜಾಗವೂ ಕಟ್ಟಡಕ್ಕೆ ಸಲ್ಲುವುದಿಲ್ಲ. ಆದ್ದರಿಂದ ಸಂಘದ ಭವನಕ್ಕಾಗಲಿ, ಸ್ವಂತ ಮನೆಗಾಗಲಿ ಖಾಡಿ ಬದಿಯ ಜಾಗಕ್ಕೆ ಮುಂಗಡ ಕೊಡುವ ಮುನ್ನ ಸಾತ್‌ಬಾರಾ ಉತಾರದ ಜತೆಗೆ ಈ ನಕ್ಷೆಯನ್ನೂ ಪರಿಶೀಲಿಸುವುದು ಲೇಸು.