ಕೆಲಸದಲ್ಲಿ ಕೈಗೆ ಪೆಟ್ಟಾದಾಗ ಇನ್ನೊಬ್ಬ ವೈದ್ಯರ ಅಭಿಪ್ರಾಯ

ಕಾಮಾಕ್ಷಿಪಾಳ್ಯ, ರಾಜಾಜಿನಗರದ ಕೈಗಾರಿಕಾ ಪ್ರದೇಶ, ಕೆಂಗೇರಿ ಆಚೆಯ ಕುಂಬಳಗೋಡು – ಈ ಕಡೆಯ ಸಣ್ಣ ಕಾರ್ಖಾನೆಗಳಲ್ಲಿ ದುಡಿಯುವವರ ಮನೆಗಳಿಗೆ ಪವರ್ ಪ್ರೆಸ್ಸಿಗೆ ಬೆರಳು ಸಿಕ್ಕಿತೆಂಬ ಸುದ್ದಿ ಹೊಸದಲ್ಲ. ಗಾಯ ಮಾಯುತ್ತದೆ, ಹೊಲಿಗೆ ಬಿಚ್ಚುತ್ತಾರೆ, ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆ ಎಂದು ಕಾಣುತ್ತದೆ. ಕೆಲಸಕ್ಕೆ ಹೋಗಬಹುದೆಂಬ ಸರ್ಟಿಫಿಕೇಟೂ ಕೈಗೆ ಬರುತ್ತದೆ. ಆದರೆ ಮುಷ್ಟಿ ಕಟ್ಟಲಾಗುವುದಿಲ್ಲ, ಸ್ಪ್ಯಾನರ್ ಹಿಡಿದರೆ ಜಾರುತ್ತದೆ. ಬೇರೆ ಡಾಕ್ಟರಿಗೆ ತೋರಿಸಬಹುದೇ, ತೋರಿಸಿದರೆ ಇ.ಎಸ್.ಐ. ಹಣ ನಿಂತುಹೋದೀತೇ ಎಂಬ ಚಿಂತೆ ಮನೆಯವರನ್ನು ಕಾಡುವುದು ಆಗಲೇ.

ಧಾರಾಳವಾಗಿ ತೋರಿಸಬಹುದು. ಇನ್ನೊಬ್ಬರ ಅಭಿಪ್ರಾಯ ಕೇಳಿದ್ದಕ್ಕೆ ಹಣ ನಿಲ್ಲುವುದಿಲ್ಲ. ನಡೆಯುತ್ತಿರುವ ಚಿಕಿತ್ಸೆಯನ್ನು ಬಿಟ್ಟು ಹೋದರೆ ತೊಂದರೆ. ಕೆಲಸದಲ್ಲಿ ಆದ ಗಾಯಕ್ಕೆ ವಿಶ್ರಾಂತಿಯಲ್ಲಿರುವಷ್ಟು ಕಾಲ ಇ.ಎಸ್.ಐ. ಸರಾಸರಿ ಕೂಲಿಯ ಶೇಕಡ 90ರಷ್ಟನ್ನು ಕೊಡುತ್ತದೆ. ಇದನ್ನು ಪಡೆಯುವವರು ಅಲ್ಲಿನ ವೈದ್ಯರ ಚಿಕಿತ್ಸೆಯಲ್ಲಿರಬೇಕು, ಕರೆದಾಗ ಪರೀಕ್ಷೆಗೆ ಹೋಗಬೇಕು, ಹೇಳದೆ ಕೇಳದೆ ಊರು ಬಿಡಬಾರದು. ಪುತ್ತೂರು ಕಟ್ಟು ಹಾಕಿಸಿಕೊಂಡು ಹಳ್ಳಿಯಲ್ಲಿ ಎರಡು ತಿಂಗಳು ಕಳೆದು ಬಂದವರು ಸಿಕ್ಕಿಬೀಳುವುದು ಇಲ್ಲಿಯೇ. ಕಟ್ಟಿನ ಗುಣದೋಷದ ಮಾತು ಬೇರೆ, ದಾಖಲೆಯಲ್ಲಿ ಆ ಎರಡು ತಿಂಗಳು ಖಾಲಿ ಉಳಿಯುತ್ತವೆ. ಶಿಫಾರಸು ಇಲ್ಲದೆ ಹೊರಗೆ ತೋರಿಸಿದ ಖರ್ಚು ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಆದ್ದರಿಂದ ಮೊದಲು ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನೇ, ತಜ್ಞರ ಬಳಿಗೆ ಕಳಿಸಿಕೊಡಿ ಎಂದು ಕೇಳಿ. ಇದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ.

ಎರಡನೆಯ ವೈದ್ಯರು ನೋಡಬೇಕಾದುದೇನು? ಮೂಳೆ ಕೂಡಿದ ಮಾತ್ರಕ್ಕೆ ಕೈ ಸರಿಹೋಯಿತೆಂದಲ್ಲ. ಬೆರಳನ್ನು ಮಡಿಸುವುದು ಸ್ನಾಯುರಜ್ಜು. ಅದು ಗಾಯದ ಕಲೆಗೆ ಅಂಟಿಕೊಂಡರೆ ಬೆರಳು ಸೆಟೆದು ನಿಲ್ಲುತ್ತದೆ, ಎಕ್ಸ್‌ರೇಯಲ್ಲಿ ಮಾತ್ರ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ನರಕ್ಕೆ ಪೆಟ್ಟಾಗಿದ್ದರೆ ಬೆರಳ ತುದಿಗೆ ಸ್ಪರ್ಶ ತಿಳಿಯದು. ಬಿಸಿ ಲೋಹ ಮುಟ್ಟಿದ್ದೂ ಗೊತ್ತಾಗದು. ಇವನ್ನು ಕಂಡುಹಿಡಿಯಲು ಪ್ರತಿ ಕೀಲು ಎಷ್ಟು ಡಿಗ್ರಿ ಬಾಗುತ್ತದೆಂದು ಅಳೆಯಬೇಕು, ಹಿಡಿತದ ಬಲವನ್ನು ಇನ್ನೊಂದು ಕೈಯೊಡನೆ ಹೋಲಿಸಬೇಕು, ಅಗತ್ಯವಿದ್ದರೆ ನರದ ಪರೀಕ್ಷೆ ಮಾಡಿಸಬೇಕು. ಫಿಸಿಯೋಥೆರಪಿಯಿಂದ ಇನ್ನೂ ಸುಧಾರಿಸುವ ಹಂತದಲ್ಲಿದ್ದರೆ ಶಾಶ್ವತ ನಷ್ಟದ ಲೆಕ್ಕ ಹಾಕಲು ಅದು ಕಾಲವೇ ಅಲ್ಲ. ನನ್ನ ಮಟ್ಟಿಗೆ ಎರಡನೆಯ ಅಭಿಪ್ರಾಯದ ದೊಡ್ಡ ಉಪಯೋಗ ಇದೇ: ಪರಿಹಾರದ ಹಣಕ್ಕಿಂತ ಮೊದಲು ಕೈಯೇ ಉಳಿದೀತು.

ಇನ್ನು ಶೇಕಡಾವಾರು ಲೆಕ್ಕ. ಕಾನೂನಿನ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡ 30, ತೋರುಬೆರಳು ಪೂರ್ತಿ ಹೋದರೆ ಶೇಕಡ 14 ನಷ್ಟವೆಂದಿದೆ. ದಿನಗೂಲಿ 600 ರೂಪಾಯಿ ಇದ್ದವರಿಗೆ ಅದರ ಶೇಕಡ 90 ಎಂದರೆ 540. ಇದರಲ್ಲಿ ಶೇಕಡ 14 ಎಂದರೆ ದಿನಕ್ಕೆ 75 ರೂಪಾಯಿ 60 ಪೈಸೆ. ಶೇಕಡ 30 ಆದರೆ 162 ರೂಪಾಯಿ. ಶಾಶ್ವತ ನಷ್ಟಕ್ಕೆ ಇದು ಜೀವನಪರ್ಯಂತ ಬರುವ ಹಣವಾದ್ದರಿಂದ ವ್ಯತ್ಯಾಸ ಸಣ್ಣದಲ್ಲ. ಬೆರಳು ಇದ್ದೂ ಅದರ ಉಪಯೋಗ ಪೂರ್ತಿಯಾಗಿ, ಶಾಶ್ವತವಾಗಿ ಹೋಗಿದ್ದರೆ ಬೆರಳೇ ಹೋದಂತೆ ಎಂದು ಅದೇ ಪಟ್ಟಿ ಹೇಳುತ್ತದೆ. ಸೆಟೆದ ಬೆರಳಿನವರು ಇದನ್ನು ನೆನಪಿಡಬೇಕು.

ಈ ಅಂಕಿಯನ್ನು ನಿರ್ಧರಿಸುವುದು ವೈದ್ಯಕೀಯ ಮಂಡಳಿ. ಖಾಸಗಿ ವೈದ್ಯರ ಚೀಟಿಗೆ ಮಂಡಳಿ ಕಟ್ಟುಬಿದ್ದಿಲ್ಲ. ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು, ಇಲ್ಲವೇ ನೇರವಾಗಿ ಕಾರ್ಮಿಕರ ವಿಮಾ ನ್ಯಾಯಾಲಯಕ್ಕೆ. ಎರಡನೆಯ ಅಭಿಪ್ರಾಯಕ್ಕೆ ಬೆಲೆ ಬರುವುದು ಅಲ್ಲಿ. ಮೇಲ್ಮನವಿಗೆ ಹಳೆಯ ನಿಯಮಗಳಲ್ಲಿ ಮೂರು ತಿಂಗಳ ಗಡುವಿತ್ತು. 1948ರ ಇ.ಎಸ್.ಐ. ಕಾಯ್ದೆಯೂ 1923ರ ಪರಿಹಾರ ಕಾಯ್ದೆಯೂ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿವೆ, ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹಾಗಾಗಿ ತೀರ್ಮಾನದ ಪತ್ರ ಬಂದ ದಿನವೇ ಬಿನ್ನಿಪೇಟೆಯ ಇ.ಎಸ್.ಐ. ಪ್ರಾದೇಶಿಕ ಕಚೇರಿಯಲ್ಲಿ ಗಡುವನ್ನು ಕೇಳಿ ಬರೆದಿಟ್ಟುಕೊಳ್ಳಿ. ತೀರ್ಮಾನ ತಾತ್ಕಾಲಿಕವೋ ಅಂತಿಮವೋ ಎಂಬುದನ್ನೂ ಪತ್ರದಲ್ಲಿ ನೋಡಿ. ತಾತ್ಕಾಲಿಕವಾದರೆ ಮತ್ತೆ ಪರೀಕ್ಷೆ ಇರುತ್ತದೆ.

ಇ.ಎಸ್.ಐ. ಇಲ್ಲದ ಕಡೆ ಪರಿಹಾರ ಕೊಡಬೇಕಾದವರು ಮಾಲೀಕರು. ಅವರು ತಮ್ಮ ಖರ್ಚಿನಲ್ಲಿ ವೈದ್ಯರ ಪರೀಕ್ಷೆಗೆ ಕರೆದರೆ ತಪ್ಪಿಸಿಕೊಳ್ಳಬೇಡಿ, ತಪ್ಪಿಸಿಕೊಂಡರೆ ಪರಿಹಾರದ ಹಕ್ಕು ಅಷ್ಟು ಕಾಲ ತಡೆಹಿಡಿಯಲ್ಪಡುತ್ತದೆ. ಆ ಪರೀಕ್ಷೆಯ ನಂತರ ನಿಮ್ಮ ವೈದ್ಯರಿಗೂ ತೋರಿಸಿ. ಇ.ಎಸ್.ಐ. ಇದ್ದವರು ಅದೇ ಗಾಯಕ್ಕೆ ಮಾಲೀಕರಿಂದಲೂ ಪರಿಹಾರ ಕೇಳುವಂತಿಲ್ಲ.

ಅಭಿಪ್ರಾಯ ಬರೆಯುವ ವೈದ್ಯರಿಗೆ ನಿಮ್ಮ ಕೆಲಸವೇನೆಂದು ಬಿಡಿಸಿ ಹೇಳಿ. ಒಡಿಶಾದ ಒಬ್ಬ ಬಡಗಿಯ ಎಡಗೈಯನ್ನು ಮೊಣಕೈ ಮೇಲಿನಿಂದ ತೆಗೆಯಬೇಕಾಗಿ ಬಂದಿತ್ತು. ಒಂದೇ ಕೈಯಲ್ಲಿ ಮರಗೆಲಸ ಸಾಧ್ಯವಿಲ್ಲವೆಂದು ಸುಪ್ರೀಂ ಕೋರ್ಟು 1975ರಲ್ಲಿ ಆ ನಷ್ಟವನ್ನು ಪೂರ್ಣ ನಷ್ಟವೆಂದೇ ಎತ್ತಿಹಿಡಿಯಿತು. ಬರೀ "ಶೇಕಡ 40" ಎಂದು ಬರೆದ ಸರ್ಟಿಫಿಕೇಟು ಹೆಚ್ಚು ಪ್ರಯೋಜನಕ್ಕೆ ಬಾರದು. ಅದು ಕೈಯೊಂದರ ಲೆಕ್ಕವೋ ಇಡೀ ದೇಹದ್ದೋ, ಯಾವ ಅಳತೆಯಿಂದ ಬಂತು, ಯಾವ ಕೆಲಸ ಇನ್ನು ಆಗದು ಎಂಬುದೆಲ್ಲ ಅದರಲ್ಲಿರಬೇಕು. ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳುವಿರಾ ಎಂದೂ ಮೊದಲೇ ಕೇಳಿಬಿಡಿ. ಹೋಗುವಾಗ ಅಪಘಾತದ ವರದಿಯ ಪ್ರತಿ, ಮೊದಲ ದಿನದ ಕೇಸ್ ಶೀಟು, ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ ಫಿಲ್ಮುಗಳು ಜೊತೆಯಲ್ಲಿರಲಿ. ಮೂಲ ಪ್ರತಿಗಳನ್ನು ಯಾರಿಗೂ ಕೊಟ್ಟು ಬರಬೇಡಿ, ಜೆರಾಕ್ಸ್ ಕೊಟ್ಟರೆ ಸಾಕು.